ಆಲ್ಟರ್ ಅಂದರೆ ಚೇಂಜ್ ಅಲ್ಲ

ಹರಪನಹಳ್ಳಿ ತಾಲ್ಲೂಕಿನ ಯಾವ ಊರಿಗೆ ಕಾಲಿಟ್ಟರೂ ಒಂದಲ್ಲ ಒಂದು ಗೋಡೆಯ ಮೇಲೆ ಭೀಮೇಶನ ಅಕ್ಷರ ಕಾಣುತ್ತಿದ್ದ ಕಾಲ ಒಂದಿತ್ತು. ಶಾಲೆಯ ಹೆಸರು, ಹಾಲಿನ ಡೇರಿಯ ಹೆಸರು, ಗೊಬ್ಬರದಂಗಡಿ, ದನದ ದವಾಖಾನೆ, ಟ್ರ್ಯಾಕ್ಟರಿನ ಹಿಂದೆ ಬರೆಸುವ ಮನೆದೇವರ ಹೆಸರು, ಎಲ್ಲ ಅವನ ಕೈಯದೇ. ಅವನು ಬರೆದ ‘ಹ’ಕ್ಕೆ ಹೊಟ್ಟೆ ಸ್ವಲ್ಪ ಮುಂದಿರುತ್ತಿತ್ತು. ಅದನ್ನು ನೋಡಿಯೇ ಜನ ‘ಇದು ಬೋರ್ಡ್ ಭೀಮೇಶಂದು’ ಎನ್ನುತ್ತಿದ್ದರು.

ಹುಟ್ಟೂರು ನೀಲಗುಂದ. ಅಲ್ಲಿಯ ಭೀಮೇಶ್ವರನ ಹೆಸರನ್ನೇ ಇಟ್ಟಿದ್ದರು. ಅಪ್ಪ ಬೇಗ ತೀರಿಕೊಂಡದ್ದರಿಂದ ತಾಯಿ ಜಂಬಕ್ಕ ಮಗನನ್ನು ಕರೆದುಕೊಂಡು ಹರಪನಹಳ್ಳಿಗೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಮಂಡಕ್ಕಿ ಮಾರಿ ಅವನನ್ನು ಬೆಳೆಸಿದಳು. ಭೀಮೇಶ ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟ. ಆದರೆ ಅಕ್ಷರ ಬಿಡಲಿಲ್ಲ. ಓದುವುದಕ್ಕಿಂತ ಬರೆಯುವುದು ಅವನಿಗೆ ಹಿತ. ಏನು ಬರೆಯುತ್ತಿದ್ದೇನೆ ಎನ್ನುವುದಕ್ಕಿಂತ ಅದು ನೇರವಾಗಿ ಕೂತಿದೆಯೇ ಎನ್ನುವುದು ಮುಖ್ಯ.

ಅವನ ಮದುವೆ ಕೂಡ್ಲಿಗಿಯ ಎರ್ರಮ್ಮನ ಜೊತೆ ಆಯಿತು. ಎರ್ರಮ್ಮ ಚಿಕ್ಕಂದಿನಿಂದ ಅಲ್ಲಿಯ ಒಬ್ಬ ಟೈಲರ್ ಹತ್ತಿರ ಗುಂಡಿ ಹಚ್ಚುತ್ತ, ಕೈಹೊಲಿಗೆ ಹಾಕುತ್ತ ಕೆಲಸ ಕಲಿತವಳು. ಅವಳ ಜೊತೆ ತವರಿನಿಂದ ಒಂದು ಹೊಲಿಗೆ ಮಷೀನು ಬಂತು. ಬಾಯಲ್ಲಿ ಒಂದಿಷ್ಟು ಇಂಗ್ಲಿಷ್ ಮಾತುಗಳೂ ಬಂದವು: ಕಟಿಂಗು, ಫಿಟಿಂಗು, ಲೈನಿಂಗು, ಆಲ್ಟರು. ಆ ಮಾತುಗಳನ್ನು ಅವಳು ಸೂಜಿ, ದಾರದ ಹಾಗೆ ಬಳಸುತ್ತಿದ್ದಳು. ಎಲ್ಲಿ ಯಾವುದು ಬೇಕು ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

ಮದುವೆಯಾದ ಮರುವರ್ಷ, ತೊಂಬತ್ತೇಳರಲ್ಲಿ, ದಾವಣಗೆರೆ ಹೊಸ ಜಿಲ್ಲೆಯಾಯಿತು. ಅಲ್ಲಿಯವರೆಗೆ ಬಳ್ಳಾರಿಯಲ್ಲಿದ್ದ ಹರಪನಹಳ್ಳಿ ತಾಲ್ಲೂಕನ್ನು ಅದಕ್ಕೆ ಸೇರಿಸಿದರು. ಊರಿನ ಜನ ಚಹದಂಗಡಿಯಲ್ಲಿ ಇದು ಒಳ್ಳೆಯದೋ ಕೆಟ್ಟದ್ದೋ ಎಂದು ವಾದ ಮಾಡುತ್ತಿದ್ದಾಗ ಭೀಮೇಶನಿಗೆ ಕೈತುಂಬ ಕೆಲಸ ಬಂತು. ಪ್ರತಿ ಕಚೇರಿಯ ಬೋರ್ಡಿನ ಕೊನೆಯ ಸಾಲಿನಲ್ಲಿ ‘ಬಳ್ಳಾರಿ ಜಿಲ್ಲೆ’ ಎಂದಿದ್ದದ್ದು ‘ದಾವಣಗೆರೆ ಜಿಲ್ಲೆ’ ಆಗಬೇಕು.

ಒಂದು ಕಚೇರಿಯಲ್ಲಿ ವೀರಭದ್ರಯ್ಯ ಎಂಬ ಗುಮಾಸ್ತರಿದ್ದರು. ಅವರು ಭೀಮೇಶನನ್ನು ಕರೆದು, “ನೋಡಪ್ಪ, ಬೋರ್ಡ್ ಚೇಂಜ್ ಮಾಡಬ್ಯಾಡ, ಆಲ್ಟರ್ ಮಾಡು,” ಎಂದರು. ಭೀಮೇಶ ತಲೆಯಾಡಿಸಿದ. ಕಚೇರಿಯವರು ಮಾತನಾಡುವಾಗ ಎರಡು ಇಂಗ್ಲಿಷ್ ಪದ ಜೊತೆಗೇ ಬಂದರೆ ಎರಡಕ್ಕೂ ಒಂದೇ ಅರ್ಥ ಎಂದು ಅವನ ಅನುಭವ. ಬೋರ್ಡನ್ನು ಇಳಿಸಿ, ಪೂರ್ತಿ ಉಜ್ಜಿ, ಹಸಿರು ಬಣ್ಣ ಬಳಿದು, ಮೇಲಿನ ಸಾಲಿನಿಂದ ಕೊನೆಯ ಸಾಲಿನವರೆಗೆ ಹೊಸದಾಗಿ ಬರೆದು ತಂದು ತೂಗುಹಾಕಿದ. ಚೆನ್ನಾಗಿಯೇ ಇತ್ತು. ಹಳೆಯದಕ್ಕಿಂತ ಚೆನ್ನಾಗಿತ್ತು.

ವೀರಭದ್ರಯ್ಯ ಹೊರಗೆ ಬಂದು ನೋಡಿ ಹಣೆ ಬಡಿದುಕೊಂಡರು.

“ಏನೋ ಇದು?”

“ಚೇಂಜ್ ಮಾಡೀನ್ರಿ ಸ್ವಾಮಿ.”

“ನಾ ಏನಂದಿದ್ದೆ? ಆಲ್ಟರ್ ಮಾಡು ಅಂದಿದ್ದೆ.”

“ಎರಡೂ ಒಂದ ಅಲ್ಲೇನ್ರಿ?”

“ಒಂದ ಆಗಿದ್ರ ಇಂಗ್ಲಿಷ್‌ನ್ಯಾರು ಎರಡು ಶಬ್ದ ಯಾಕ ಇಟ್ಕಂತಿದ್ರು? ಕೊನೀ ಸಾಲಿಂದಷ್ಟ ಕೂಲಿ ಸಿಗ್ತತಿ. ಉಳಿದ ಬಣ್ಣ ನಿನ್ನ ತಲಿಮ್ಯಾಲ.”

“ಆತ್ರಿ. ಆದ್ರ ಆಲ್ಟರ್ ಅಂದ್ರ ಏನ್ರಿ ಮತ್ತ?”

ವೀರಭದ್ರಯ್ಯ, “ಚೇಂಜ್ ಮಾಡಾದ, ಆದ್ರ ಹಂಗಲ್ಲ,” ಎಂದು ಹೇಳಿ ಒಳಗೆ ಹೋದರು.

ಮನೆಗೆ ಬಂದು ಭೀಮೇಶ ಇದನ್ನು ಹೇಳಿದಾಗ ಎರ್ರಮ್ಮ ಮಷೀನು ನಿಲ್ಲಿಸಿ ನಕ್ಕಳು. ಕೈಯಲ್ಲಿದ್ದ ಯಾರದೋ ರವಿಕೆಯನ್ನು ಎತ್ತಿ ತೋರಿಸಿದಳು.

“ನೋಡ್ರಿ, ಈ ಜಂಪರ ಬಿಗಿ ಆತು ಅಂತ ತಗದಿಟ್ಟು ಬ್ಯಾರೇದು ಹಾಕ್ಕಂಡ್ರ ಅದು ಚೇಂಜು. ಇದನ್ನ ಹೊಲಿಗಿ ಬಿಚ್ಚಿ, ಒಂದೀಟು ಸಡ್ಲ ಮಾಡಿ, ತಿರುಗಿ ಇದನ್ನ ಹಾಕ್ಕಂಡ್ರ ಆಲ್ಟರು. ಚೇಂಜ್‌ನ್ಯಾಗ ಹಳೇದು ಹೋಗ್ತತಿ. ಆಲ್ಟರ್‌ನ್ಯಾಗ ಹಳೇದು ಉಳೀತತಿ.”

“ಹಂಗಾರ ಎಲ್ಲಾನೂ ಆಲ್ಟರ್ ಮಾಡಬೌದು ಅನ್ನು.”

“ಎಲ್ಲಿ ಆಗ್ತತಿ? ಹೊಲಿಯಾವಾಗ ಒಳಗ ಬಟ್ಟಿ ಬಿಟ್ಟಿದ್ರ ಆಗ್ತತಿ.” ಜಂಪರನ್ನು ಒಳಮಗ್ಗುಲು ಮಾಡಿ, ಹೊಲಿಗೆಯ ಆಚೆ ಮಡಿಸಿಟ್ಟಿದ್ದ ಎರಡು ಬೆರಳಗಲದ ಬಟ್ಟೆಯನ್ನು ತೋರಿಸಿದಳು. “ಇದು ಇಲ್ಲಂದ್ರ ಆ ಮೈಲಾರಲಿಂಗ ಬಂದ್ರೂ ಆಗಂಗಿಲ್ಲ.”

ಭೀಮೇಶ ಅದನ್ನು ಮುಟ್ಟಿ ನೋಡಿದ. ಹೊರಗಿನ ಬಟ್ಟೆ ಬಿಸಿಲಿಗೆ ಮಾಸಿತ್ತು. ಒಳಗೆ ಮಡಿಸಿದ್ದು ಅಂಗಡಿಯಿಂದ ತಂದ ದಿನದ ಬಣ್ಣದಲ್ಲೇ ಇತ್ತು. ಮರುದಿನದಿಂದ ಅವನು ಕಚೇರಿಗಳಿಗೆ ಹೋಗಿ, “ಚೇಂಜೋ, ಆಲ್ಟರೋ?” ಎಂದು ಕೇಳಿಯೇ ಬ್ರಷ್ ಹಿಡಿಯುತ್ತಿದ್ದ. ಕೆಲವರು ನಕ್ಕರು. ಅವನಿಗೆ ಹೆಂಡತಿಯ ಬಗ್ಗೆ ಹೆಮ್ಮೆಯಿತ್ತು. ಆದರೆ ಆ ಹೆಮ್ಮೆಯನ್ನು ಅವಳ ಮುಂದೆ ಆಡಿ ತೋರಿಸಲಿಲ್ಲ.

ಎರ್ರಮ್ಮನ ಕೈಕೆಲಸ ಊರಿನಲ್ಲಿ ಹೆಸರಾಯಿತು. ಚಿಗಟೇರಿಯಿಂದಲೂ ಹೆಂಗಸರು ಬರತೊಡಗಿದರು. ಮನೆಯ ಮುಂದಿನ ಖೋಲಿಯನ್ನು ಅಂಗಡಿ ಮಾಡಿಕೊಂಡಳು. ಒಂದು ಬೋರ್ಡ್ ಬರೆದುಕೊಡಿ ಎಂದು ಗಂಡನನ್ನು ಕೇಳಿದಳು. “ಬರೀತೀನಿ ತಡಿ,” ಎಂದ. ಹಡಗಲಿಯಲ್ಲಿ ಹೂವಿನ ವ್ಯಾಪಾರಿಯೊಬ್ಬನ ಮಳಿಗೆ ಬರೆದ, ಹಗರಿಬೊಮ್ಮನಹಳ್ಳಿಯಲ್ಲಿ ಪಾತ್ರೆಯಂಗಡಿ ಬರೆದ. ಮನೆಯದು ಮನೆಯದೇ ತಾನೆ, ಎಲ್ಲಿಗೆ ಹೋಗುತ್ತದೆ ಎಂದುಕೊಂಡ. ಹೀಗೇ ವರ್ಷಗಳು ಹೋದವು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡುವುದನ್ನು ಒಂದು ಹಂತದಲ್ಲಿ ಬಿಟ್ಟರು.

ಕೊನೆಗೆ ಒಂದು ದೀಪಾವಳಿಗೆ ಅವನು ತಗಡಿನ ಹಾಳೆ ತಂದು ಬೋರ್ಡ್ ಬರೆದೇಬಿಟ್ಟ. ಹಳದಿ ನೆಲ, ಕೆಂಪು ಅಕ್ಷರ, ಅಕ್ಷರಕ್ಕೆ ಕಪ್ಪು ನೆರಳು. ಅವನು ಬರೆದ ಬೋರ್ಡುಗಳಲ್ಲೇ ಅದು ಚೆಂದದ್ದು. ಎರ್ರಮ್ಮ ಒಳಗಿನಿಂದ ಚಹದ ಲೋಟ ಹಿಡಿದು ಬಂದು ನಿಂತು ಓದಿದಳು. ‘ಭೀಮೇಶ್ ಲೇಡೀಸ್ ಟೈಲರ್ಸ್.’

“ಹೊಲಿಯಾಕಿ ನಾನಲ್ರೀ?” ಎಂದಳು.

“ಊರಾಗ ನನ್ನ ಹೆಸ್ರು ಎಲ್ಲಾರ್ಗೂ ಗೊತ್ತೈತಿ. ಗಿರಾಕಿ ಹುಡುಕ್ಕಂಡು ಬರ್ತಾರ.”

ಬಾಗಿಲಲ್ಲಿ ಕೂತಿದ್ದ ಜಂಬಕ್ಕ, “ಹೆಂಗಸ್ರ ಹೆಸ್ರು ಬಾಜಾರದಾಗ ಯಾಕ ತೂಗಾಡಬೇಕವ್ವ?” ಎಂದಳು.

ಎರ್ರಮ್ಮ ಗಂಡನಿಗೆ, “ಆ ಒಂದು ಹೆಸ್ರು ಆಲ್ಟರ್ ಮಾಡ್ರಿ ಸಾಕು. ಉಳಿದದ್ದು ಹಂಗ ಇರ್ಲಿ,” ಎಂದಳು.

“ಬಣ್ಣ ಒಣಗೇತಿ. ಮುಂದ ನೋಡೋಣಂತ.”

ಅವನು ಸಿಟ್ಟಿನಿಂದ ಹೇಳಿದ್ದಲ್ಲ. ಅವಳೂ ಜಗಳ ಮಾಡಲಿಲ್ಲ. ಬೋರ್ಡ್ ಮೇಲೇರಿತು. ಹೊಸ ಗಿರಾಕಿಗಳು ಬಂದು, “ಭೀಮೇಶಪ್ಪ ಅದಾನೇನ್ರಿ? ಅಳತಿ ಕೊಡಬೇಕಿತ್ತು,” ಎಂದು ಕೇಳುತ್ತಿದ್ದರು. “ಅಳತಿ ನಾನ ತಗಂತೀನಿ ಬರ್ರಿ,” ಎನ್ನುತ್ತಿದ್ದಳು ಎರ್ರಮ್ಮ.

ನಾಲ್ಕೈದು ವರ್ಷದ ಮೇಲೆ ಕೂಡ್ಲಿಗಿಯಲ್ಲಿ ಅವಳ ಅಪ್ಪ ತೀರಿಕೊಂಡ. ತಾಯಿ ಹಾಸಿಗೆ ಹಿಡಿದಳು. ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. “ಒಂದಷ್ಟು ದಿನ ಇದ್ದು ಬರ್ತೀನ್ರಿ. ಅಲ್ಲಿ ಕೈ ಖಾಲಿ ಕೂತು ಏನ್ ಮಾಡ್ಲಿ, ಮಷೀನ್ ಒಯ್ತೀನಿ,” ಎಂದಳು. ಭೀಮೇಶನೇ ಮಷೀನನ್ನು ಬಸ್ಸಿನ ಮೇಲೆ ಏರಿಸಿ, ಹಗ್ಗ ಬಿಗಿದು, ಕೊಟ್ಟೂರಿನಲ್ಲಿ ಬಸ್ ಚೇಂಜ್ ಮಾಡುವಾಗ ಹುಷಾರು ಎಂದು ಹೇಳಿ ಕಳಿಸಿದ.

ಒಂದಷ್ಟು ದಿನ ತಿಂಗಳುಗಳಾದವು. ತಾಯಿ ಬಹಳ ಕಾಲ ಹಾಸಿಗೆಯಲ್ಲಿದ್ದು ತೀರಿಕೊಂಡಳು. ಆಮೇಲೂ ಎರ್ರಮ್ಮ ಬರಲಿಲ್ಲ. ಭೀಮೇಶ ಕರೆಯಲು ಹೋದ. ಅವಳು ಮಷೀನು ತುಳಿಯುತ್ತಲೇ, “ಮದುವಿ ಸೀಜನ್ನು, ಭಾಳ ಬಟ್ಟಿ ಬಂದಾವ. ಮುಂದ ನೋಡೋಣಂತ,” ಎಂದಳು. ಆ ಮಾತು ಎಲ್ಲೋ ಕೇಳಿದಂತಿದೆ ಎಂದು ಅವನಿಗೆ ಬಸ್ಸಿನಲ್ಲಿ ಬರುವಾಗ ಅನ್ನಿಸಿತು. ಎಲ್ಲಿ ಎಂದು ನೆನಪಾಗಲಿಲ್ಲ. ಅಥವಾ ನೆನಪಾಗುವುದಕ್ಕೆ ಅವನು ಬಿಡಲಿಲ್ಲ.

ಊರಿನವರು ಕೇಳಿದಾಗ ಅವನು ಹೇಳುತ್ತಿದ್ದದ್ದು ಒಂದೇ ಮಾತು: “ಆಕಿ ಚೇಂಜ್ ಆಗ್ಯಾಳ.”

ಇಂಗ್ಲಿಷಿನಲ್ಲಿ ಆ ಪದ ಒಂಟಿಯಾಗಿ ನಿಲ್ಲುತ್ತದೆಯಂತೆ. ನಮ್ಮ ಬಾಯಿಗೆ ಬಂದಾಗ ನಿಲ್ಲುವುದಿಲ್ಲ. ಅದಕ್ಕೆ ‘ಆಗು’ ಬೇಕು, ಇಲ್ಲವೆ ‘ಮಾಡು’ ಬೇಕು. ಚೇಂಜ್ ಮಾಡಿದರು ಎಂದರೆ ಮಾಡಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಚೇಂಜ್ ಆದಳು ಎಂದರೆ ಯಾರ ಕೈಯೂ ಇಲ್ಲ, ಹವೆ ಬದಲಾದಂತೆ ತಾನಾಗಿ ಆದದ್ದು. ಆ ‘ಆಗ್ಯಾಳ’ದ ಮರೆಯಲ್ಲಿ ಭೀಮೇಶ ಬಹಳ ವರ್ಷ ಕೂತ. ಕೇಳಿದವರೂ ಹೌದು ಹೌದು ಎಂದು ತಲೆಯಾಡಿಸಿ ಹೋಗುತ್ತಿದ್ದರು. ಯಾರೂ, “ಯಾಕ ಆದಳು?” ಎಂದು ಕೇಳಲಿಲ್ಲ. ಅವನ ತಾಯಿಯೂ ಕೇಳಲಿಲ್ಲ. ಕೆಲವು ವರ್ಷಕ್ಕೆ ಅವಳೂ ತೀರಿಕೊಂಡಳು.

ಮನೆಯಲ್ಲಿ ಒಬ್ಬನೇ ಉಳಿದ. ಅಷ್ಟರಲ್ಲಿ ಫ್ಲೆಕ್ಸ್ ಬಂದು ಬೋರ್ಡ್ ಬರೆಸುವವರು ಕಡಿಮೆಯಾದರು. ಗಾಡಿಗಳ ನಂಬರು, ಶಾಲೆಯ ಗೋಡೆ, ಎಲ್ಲೋ ಒಂದು ದೇವಸ್ಥಾನದ ಕಮಾನು, ಇಷ್ಟೇ ಕೆಲಸ. ಬೆಳಿಗ್ಗೆ ಒಂದೇ ಸಲಕ್ಕೆ ಅನ್ನ ಮಾಡಿಟ್ಟು ಸಂಜೆಯೂ ಅದನ್ನೇ ಉಣ್ಣುತ್ತಿದ್ದ. ಮಾತಾಡಬೇಕೆನಿಸಿದರೆ ಪಕ್ಕದ ಹುಲುಗಣ್ಣನ ಬಣ್ಣದಂಗಡಿಗೆ ಹೋಗಿ ಕೂರುತ್ತಿದ್ದ. ಹುಲುಗಣ್ಣ ಗಿರಾಕಿಯ ಕಡೆ ತಿರುಗಿದರೆ ಎದ್ದು ಬರುತ್ತಿದ್ದ. ಮನೆಯ ಮುಂದಿನ ಖೋಲಿಗೆ ಬೀಗ ಬಿದ್ದಿತ್ತು. ಬೀಗದ ಮೇಲೆ ‘ಭೀಮೇಶ್ ಲೇಡೀಸ್ ಟೈಲರ್ಸ್’ ಎಂಬ ಬೋರ್ಡ್ ಹಾಗೇ ಇತ್ತು. ಹೊಸದಾಗಿ ಊರಿಗೆ ಬಂದ ಹೆಂಗಸರು ಒಮ್ಮೊಮ್ಮೆ ಬಾಗಿಲು ಬಡಿದು, “ಟೈಲರ್ ಇಲ್ಲೇನ್ರಿ?” ಎನ್ನುತ್ತಿದ್ದರು. “ಇಲ್ರಿ,” ಎನ್ನುತ್ತಿದ್ದ. ಬೋರ್ಡ್ ಇಳಿಸಬೇಕು ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದ.

ಎರಡು ಸಾವಿರದ ಹದಿನೆಂಟರಲ್ಲಿ ಹರಪನಹಳ್ಳಿಯನ್ನು ದಾವಣಗೆರೆಯಿಂದ ತೆಗೆದು ಮತ್ತೆ ಬಳ್ಳಾರಿ ಜಿಲ್ಲೆಗೆ ಸೇರಿಸಿದರು. ಹಳೆಯ ತಗಡಿನ ಬೋರ್ಡುಗಳು ಇನ್ನೂ ಉಳಿದಿದ್ದ ಕಡೆ ಭೀಮೇಶನಿಗೇ ಕರೆ ಬಂತು. ಒಂದು ಹಳ್ಳಿಯ ದನದ ದವಾಖಾನೆಯ ಬೋರ್ಡನ್ನು ಇಳಿಸಿ, ಬೇವಿನ ಗಿಡದ ಕೆಳಗೆ ಕೂತು, ಕೊನೆಯ ಸಾಲನ್ನು ಪಾಲಿಶ್ ಪೇಪರಿನಿಂದ ಉಜ್ಜತೊಡಗಿದ. ‘ದಾವಣಗೆರೆ’ ಪುಡಿಯಾಗಿ ಉದುರಿತು. ಅದರ ಕೆಳಗಿನಿಂದ ನಿಧಾನವಾಗಿ ‘ಬಳ್ಳಾರಿ’ ಮೇಲೆದ್ದಿತು. ಅವನದೇ ಅಕ್ಷರ, ಮದುವೆಗೆ ಮುಂಚಿನದು. ‘ಳ’ಕ್ಕೆ ಒತ್ತು ಕೊಡುವಾಗ ಕೈ ಸ್ವಲ್ಪ ಅವಸರ ಮಾಡಿತ್ತು.

ಅವನು ಉಜ್ಜುವುದನ್ನು ನಿಲ್ಲಿಸಿ ಅದನ್ನು ನೋಡುತ್ತ ಕೂತ. ಆ ಅಕ್ಷರ ಬರೆದ ಹುಡುಗ ಯಾರು, ಅವನಿಗೆ ಏನೇನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ಯೋಚನೆ ಬಂತು. ಕೂಡ್ಲಿಗಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಈಗ ತಾನೂ ಎರ್ರಮ್ಮನೂ ಮತ್ತೆ ಒಂದೇ ಜಿಲ್ಲೆ. ಫೋನ್ ಮಾಡಿ ಇದನ್ನು ಹೇಳಬೇಕೆನ್ನಿಸಿತು. ನಂಬರು ಇತ್ತು. ಹೇಳಿ ಏನಾಗಬೇಕು ಎಂದುಕೊಂಡು, ಹಳೆಯ ಅಕ್ಷರಗಳ ಮೇಲೇ ಹೊಸ ಬಣ್ಣ ತಿದ್ದಿ ಬೋರ್ಡ್ ಏರಿಸಿ ಮನೆಗೆ ಬಂದ.

ಮೂರು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಬದಲಾಯಿತು. ವಿಜಯನಗರ ಜಿಲ್ಲೆ ಹುಟ್ಟಿತು. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ ಎಲ್ಲ ಅದರೊಳಗೆ ಬಂದವು. ಈ ಸಲ ಕಚೇರಿಗಳಿಗೆಲ್ಲ ಪ್ರಿಂಟಾದ ಬೋರ್ಡುಗಳೇ ಬಂದವು. ಭೀಮೇಶನನ್ನು ಯಾರೂ ಕರೆಯಲಿಲ್ಲ. ಕೈಗೆ ಕೆಲಸವಿಲ್ಲದ ಒಂದು ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೊಟ್ಟೂರಿನ ಬಸ್ ಹತ್ತಿದ. ಅಲ್ಲಿ ಇಳಿದು ಕೂಡ್ಲಿಗಿಯ ಬಸ್ ಹಿಡಿದ.

ಎರ್ರಮ್ಮನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅದರ ಮೇಲೆ ದೊಡ್ಡ ಫ್ಲೆಕ್ಸ್ ಇತ್ತು. ‘ಎರ್ರಮ್ಮ ಲೇಡೀಸ್ ಟೈಲರ್’, ಪಕ್ಕದಲ್ಲಿ ಯಾವಳೋ ಚೆಲುವೆಯ ಚಿತ್ರ. ಅವನು ಆಚೆ ಬದಿಯಲ್ಲಿ ನಿಂತು ಅಕ್ಷರಗಳನ್ನು ನೋಡಿದ. ಅಂತರ ಸರಿಯಿರಲಿಲ್ಲ. ‘ಎ’ ಮತ್ತು ‘ರ್ರ’ ದೂರ ದೂರ ಕೂತಿದ್ದವು.

“ಬರ್ರಿ,” ಎಂದಳು ಎರ್ರಮ್ಮ, ಮೊನ್ನೆ ಮೊನ್ನೆ ಬಂದು ಹೋದವನಿಗೆ ಹೇಳುವಂತೆ. ತಲೆ ಅರ್ಧ ನೆರೆತಿತ್ತು. ಕಣ್ಣಿಗೆ ಕನ್ನಡಕ ಬಂದಿತ್ತು. ಕೂರಲು ಸ್ಟೂಲು ಕೊಟ್ಟಳು, ನೀರು ಕೊಟ್ಟಳು. ಅಷ್ಟರಲ್ಲಿ ಭೂಮಿಕಾ ಎಂಬ ಕಾಲೇಜು ಹುಡುಗಿ ಒಂದು ಚೂಡಿದಾರ ಹಿಡಿದು ಬಂದಳು.

“ಆಂಟಿ, ಇದನ್ನ ಒಂಚೂರು ಚೇಂಜ್ ಮಾಡಿ ಕೊಡ್ರಿ. ತೋಳು ಬಿಗಿ ಆಗ್ತತಿ.”

“ಚೇಂಜ್ ಮಾಡಬೇಕಂದ್ರ ಅಂಗಡಿಗೆ ಹೋಗವ್ವ, ಮಾರಿದಾತ ಬ್ಯಾರೇದು ಕೊಡ್ತಾನ. ನಾನೇನಿದ್ರೂ ಆಲ್ಟರ್ ಮಾಡಾಕಿ.” ಎರ್ರಮ್ಮ ಚೂಡಿದಾರವನ್ನು ಒಳಮಗ್ಗುಲು ಮಾಡಿ ನೋಡಿದಳು. “ರೆಡಿಮೇಡು. ಒಳಗ ಏನೇನೂ ಬಟ್ಟಿ ಬಿಟ್ಟಿಲ್ಲ ನೋಡು.”

“ಹಂಗಾರ ಆಗಂಗಿಲ್ಲೇನ್ರಿ?”

“ಬಗಲಾಗ ಬ್ಯಾರೆ ತುಂಡು ಕೂಡಸಬೇಕು. ಬಣ್ಣ ಒಂದ ಆಗಂಗಿಲ್ಲ, ಕಾಣಸ್ತತಿ. ಆದ್ರ ಕೈ ಎತ್ತಾಕ ಬರ್ತತಿ.”

“ಕಂಡ್ರ ಕಾಣಲಿ ಬಿಡ್ರಿ. ನಂಗ ಇದ ಇಷ್ಟ,” ಎಂದು ಹುಡುಗಿ ಅದನ್ನು ಬಿಟ್ಟು ಹೋದಳು.

ಭೀಮೇಶ ಬಾಗಿಲ ಕಡೆ ನೋಡುತ್ತ, “ಬೋರ್ಡ್ ಚೆಂದ ಐತಿ,” ಎಂದ.

“ಎಲ್ಲಿ ಚೆಂದ. ಬಿಸಿಲಿಗೆ ಬಣ್ಣ ಹೋಗ್ತತಿ, ಎರಡು ವರ್ಷಕ್ಕ ಹರೀತತಿ.”

“ನಾ ಬರೆದಿದ್ರ ಹತ್ತು ವರ್ಷ ಬರ್ತಿತ್ತು.”

“ಬರೀಲಿಲ್ಲಲ್ರೀ,” ಎಂದಳು ಎರ್ರಮ್ಮ.

ಹೊರಗೆ ರಸ್ತೆಯಲ್ಲಿ ಕುರಿಗಳ ಹಿಂಡೊಂದು ಹೋಗುತ್ತಿತ್ತು. ಅದು ದಾಟಿದ ಮೇಲೆ ಭೀಮೇಶ ಊರಿಗೆ ಬಾ ಎಂದು ಕರೆದ. ತಾಯಿ ಇಲ್ಲ, ಮನೆ ಖಾಲಿ ಇದೆ ಎಂದ. ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು.

“ಸಿಟ್ಟಿಲ್ರಿ ನಂಗ. ಇದ್ದದ್ದು ಎಂದೋ ಹೋಗೇತಿ. ಆದ್ರ ಅಲ್ಲಿ ಬಂದು ಏನ್ ಮಾಡ್ಲಿ? ಇಲ್ಲಿ ನಂದು ಅಂತ ಒಂದು ಬಾಗ್ಲು ಐತಿ. ಅದನ್ನ ತಗಿಯಾಕ ಬೆಳಿಗ್ಗಿ ಏಳ್ತೀನಿ. ನೀವ ಬರ್ರಿ ಬೇಕಾದ್ರ. ಬ್ಯಾಡ ಅನ್ನಂಗಿಲ್ಲ.”

ಅವನು ಅಂದೇ ವಾಪಸು ಬಂದ. ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ಮರುವರ್ಷ ಯುಗಾದಿ ಕಳೆದ ಮೇಲೆ ಬ್ರಷ್ಷುಗಳನ್ನು ಡಬ್ಬಿಗೆ ತುಂಬಿ, ಮನೆಗೆ ಬೀಗ ಹಾಕಿ ಕೂಡ್ಲಿಗಿಗೆ ಹೋದ.

ಮೊದಮೊದಲು ಹಿತವಾಗಿತ್ತು. ಬಿಸಿ ಬಿಸಿ ಜೋಳದ ರೊಟ್ಟಿ, ಎದುರಿಗೆ ಕೂತು ಉಣ್ಣುವ ಇನ್ನೊಬ್ಬ ಮನುಷ್ಯ. ಎರ್ರಮ್ಮ ಅವನ ಅಂಗಿಗಳನ್ನೆಲ್ಲ ಎರಡೂ ಬದಿ ಹಿಡಿದು ಹೊಲಿದುಕೊಟ್ಟಳು, ಅವನು ಅಷ್ಟು ಸೊರಗಿದ್ದ. ಆದರೆ ಊರಿನಲ್ಲಿ ಅವನನ್ನು ಗುರುತಿಸುವವರು ಯಾರಿದ್ದಾರೆ? ಕಿರಾಣಿ ಅಂಗಡಿಗೆ ಹೋದರೆ, “ಎರ್ರಮ್ಮನ ಯಜಮಾನ್ರು ಬಂದಾರ, ಜಲ್ದಿ ಕೊಟ್ಟು ಕಳಸು,” ಎನ್ನುತ್ತಿದ್ದರು. ಕ್ಷೌರದ ಅಂಗಡಿಯಲ್ಲೂ ಎರ್ರಮ್ಮನ ಯಜಮಾನ್ರು. ಗೌರವದಿಂದಲೇ ಹೇಳುತ್ತಿದ್ದರು. ಹೆಸರನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಲಿ ಎಂದು ಅವನು ಕಾಯತೊಡಗಿದ. ಒಂದು ಸಲ ಶಾಲೆಯೊಂದರ ಗೋಡೆ ಬರೆದುಕೊಡುತ್ತೇನೆಂದು ಹೋಗಿ ಕೇಳಿದ. ಮುಖ್ಯೋಪಾಧ್ಯಾಯರು, “ನಿಮಗ ಬರಿಯಾಕ ಬರ್ತತೇನ್ರಿ?” ಎಂದರು. ಬರುತ್ತದೆ ಎಂದು ಹೇಳಲೂ ಅವನಿಗೆ ಮನಸ್ಸಾಗಲಿಲ್ಲ.

ಎರ್ರಮ್ಮ ಎಲ್ಲವನ್ನೂ ನೋಡುತ್ತಿದ್ದಳು.

“ಹ್ಯಾಂಗ ಅನಸ್ತತಿ?” ಎಂದು ಒಂದು ಸಂಜೆ ಕೇಳಿದಳು.

“ಏನಿಲ್ಲ.”

“ನಂಗೂ ಏನಿಲ್ಲ ಅಂತನ ಅನಸ್ತಿತ್ತು. ಭಾಳ ದಿನ ಹಂಗ ಅಂದ್ಕಂಡಿದ್ದೆ.”

“ಆವಾಗ ನಾ ಆ ಹೆಸ್ರು ತಿದ್ದಬೇಕಿತ್ತು,” ಎಂದ ಭೀಮೇಶ. ಅವಳು ಎದ್ದು ಹೋಗಿ ಒಲೆಯ ಮೇಲಿನ ಹಾಲು ಇಳಿಸಿದಳು.

ಮುಂಗಾರು ಶುರುವಾಗುವ ಮುಂಚೆ ಅವನು ಹೊರಟ. ಅವಳು ತಡೆಯಲಿಲ್ಲ. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟು ಬಸ್ ಸ್ಟ್ಯಾಂಡಿನವರೆಗೂ ಬಂದಳು. ಮನೆಗೆ ಬಂದವನು ಮೊದಲು ಮಾಡಿದ ಕೆಲಸ ಎಂದರೆ ಟೈಲರ್ ಅಂಗಡಿಯ ಬೋರ್ಡನ್ನು ಇಳಿಸಿದ್ದು. ಒಳ್ಳೆಯ ತಗಡು. ಬಚ್ಚಲಿನ ಮೇಲೆ ಸೋರುತ್ತಿತ್ತು, ಅಲ್ಲಿಗೆ ಹೊದಿಸಿದ.

ಅಲ್ಲಿಂದ ಎರಡು ವರ್ಷ ಒಂದೊಂದು ಭಾನುವಾರ ಫೋನಿನಲ್ಲಿ ಮಾತು. ಏನು ಅಡುಗೆ, ಮಳೆ ಬಂತೇ, ಇಷ್ಟೇ. ಹೇಳುವುದಕ್ಕೆ ಇನ್ನೂ ಇದೆ ಎಂದು ಇಬ್ಬರಿಗೂ ಅನ್ನಿಸುತ್ತಿತ್ತು. ಅಷ್ಟರಲ್ಲಿ ಯಾರೋ ಗಿರಾಕಿ ಬಂದರು ಎಂದು ಅವಳು ಫೋನ್ ಇಡುತ್ತಿದ್ದಳು.

ಕಳೆದ ವರ್ಷ ಭೀಮೇಶ ತಂಬ್ರಹಳ್ಳಿಯಲ್ಲಿ ಒಂದು ಗೋಡೆ ಬರೆಯುವಾಗ ಏಣಿ ಜಾರಿ ಬಿದ್ದ. ಪಾದದ ಕೀಲು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದವನಿಗೆ ನೀರು ಕೊಡುವವರಿಲ್ಲ. ಹುಲುಗಣ್ಣ ಒಂದೆರಡು ದಿನ ಊಟ ತಂದುಕೊಟ್ಟು, ಆಮೇಲೆ ಭೀಮೇಶನನ್ನು ಕೇಳದೆಯೇ ಕೂಡ್ಲಿಗಿಗೆ ಫೋನ್ ಮಾಡಿದ. ಮರುದಿನ ಮಧ್ಯಾಹ್ನ ಎರ್ರಮ್ಮ ಬಂದಳು. ಕೈಯಲ್ಲಿ ಒಂದು ಚೀಲ, ಅದರಲ್ಲಿ ನಾಲ್ಕು ಸೀರೆ. ಭೀಮೇಶ ಆ ಚೀಲದ ಗಾತ್ರ ನೋಡಿಯೇ ಅವಳು ಎಷ್ಟು ಕಾಲ ಇರುತ್ತಾಳೆಂದು ತಿಳಿದುಕೊಂಡ.

ಆದರೂ ಮನೆಗೆ ಸದ್ದು ಬಂತು. ಬೆಳಿಗ್ಗೆ ಪಾತ್ರೆಯ ಸದ್ದು, ಒಗ್ಗರಣೆಯ ಸದ್ದು, ಬಾಗಿಲಲ್ಲಿ ನಿಂತು ತರಕಾರಿಯವಳ ಜೊತೆ ಚೌಕಾಸಿ ಮಾಡುವ ಸದ್ದು. ಹಾಸಿಗೆಯಲ್ಲಿ ಮಲಗಿಯೇ ಅವನು ಅವಳು ಈಗ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂದು ಹೇಳಬಲ್ಲವನಾದ. ಹಳೆಯ ಗಿರಾಕಿಗಳಲ್ಲಿ ಇಬ್ಬರು ಮೂವರು ಬಂದು, “ಎರ್ರಮ್ಮ, ತಿರುಗಿ ಅಂಗಡಿ ತಗೀತಿ ಏನವ್ವ?” ಎಂದು ಕೇಳಿದರು. “ಇಲ್ರಿ, ಇವ್ರ ಕಾಲು ನೆಟ್ಟಗಾಗಾತನಕ ಅಷ್ಟ,” ಎಂದಳು. ಒಳಗೆ ಮಲಗಿದ್ದವನಿಗೆ ಅದು ಕೇಳಿಸಿತು. ಕಾಲು ನಿಧಾನವಾಗಿ ಕೂಡಿಕೊಳ್ಳಲಿ ಎಂದು ಅವನು ಬೇಡಿಕೊಂಡದ್ದೂ ಉಂಟು.

ಕಾಲು ತನ್ನ ಪಾಡಿಗೆ ತಾನು ಕೂಡಿಕೊಂಡಿತು. ಪ್ಲಾಸ್ಟರ್ ತೆಗೆದರು. ಅವನು ಗೋಡೆ ಹಿಡಿಯದೆ ನಡೆದು ತೋರಿಸಿದ ಮೇಲೆ ಎರ್ರಮ್ಮ ಚೀಲ ತುಂಬಿಕೊಂಡಳು. ಬಸ್ಸಿನ ಕಿಟಕಿಯಿಂದ, “ಏಣಿ ಹತ್ತಬ್ಯಾಡ್ರಿ ಇನ್ನ,” ಎಂದಳು. ಬಸ್ ಹೊರಟಿತು. ಭೀಮೇಶ ಕುಂಟುತ್ತ ಮನೆಗೆ ಬಂದು, ಬಹಳ ದಿನದ ಮೇಲೆ ತಾನೇ ಅಡುಗೆಗೆ ನಿಂತ.

ಬೇಳೆ ಬೇಯಿಸಿದ. ಎಣ್ಣೆ ಕಾಯಿತು. ಸಾಸಿವೆಗೆ ಕೈ ಚಾಚಿದರೆ ಅಲ್ಲಿ ಸಕ್ಕರೆ ಇತ್ತು. ಅದರ ಪಕ್ಕದಲ್ಲಿ ಇರಬೇಕಾದ ಖಾರದ ಪುಡಿಯೂ ಇರಲಿಲ್ಲ. ಎರ್ರಮ್ಮ ಇದ್ದಷ್ಟು ದಿನದಲ್ಲಿ ಡಬ್ಬಿಗಳನ್ನೆಲ್ಲ ತನ್ನ ಕೈಗೆ ಅನುಕೂಲವಾಗುವಂತೆ ಜೋಡಿಸಿಕೊಂಡಿದ್ದಳು. ಒಲೆ ಆರಿಸಿ, ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಆಮೇಲೆ ಫೋನ್ ಮಾಡಿದ. ಅವಳು ಕೊಟ್ಟೂರು ಮುಟ್ಟಿದ್ದಳು. ಹಿಂದೆ ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದದ್ದು ಕೇಳಿಸಿತು.

“ಸಾಸಿವಿ ಎಲ್ಲಿಟ್ಟೀಯ?”

“ಮ್ಯಾಲಿನ ಹಲಗಿಮ್ಯಾಲ, ಉಪ್ಪಿನ ಡಬ್ಬಿ ಹಿಂದ ನೋಡ್ರಿ. ಎಲ್ಲಾ ಅತ್ತಾಗಿತ್ತಾಗ ಮಾಡೀನಿ. ನಿಮಗ ಹ್ಯಾಂಗ ಬೇಕು ಹಂಗ ಇಟ್ಕೊಳ್ರಿ.”

“ಇರ್ಲಿ. ಹಿಂಗ ಇರ್ಲಿ.”

ಅವನು ಕಾಲ ಬೆರಳ ಮೇಲೆ ನಿಂತು, ಉಪ್ಪಿನ ಡಬ್ಬಿಯ ಹಿಂದೆ ಕೈಹಾಕಿ ಸಾಸಿವೆಯನ್ನು ತೆಗೆದುಕೊಂಡ.

“ಸಿಕ್ತೇನ್ರಿ?” ಎಂದಳು ಎರ್ರಮ್ಮ.

“ಇಲ್ಲ, ತಡಿ, ಫೋನ್ ಇಡಬ್ಯಾಡ,” ಎಂದ ಭೀಮೇಶ, ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ. “ಇನ್ನಾ ಹುಡುಕಾಕತ್ತೀನಿ.”